ಕಲಾಯಿಯವನ ಮಗಳು ಬರೆದ ಮನೆ

"ಗುರುಗಳೇ, ಒಂದು ಮಗು ಬರೆದದ್ದು ಅದರ ಸ್ವಂತದ್ದೋ, ಬೇರೆ ಯಾರದೋ ಎಂದು ಪತ್ತೆ ಮಾಡುವುದು ಹೇಗೆ?" ಎಂದು ರೇವಣಯ್ಯ ಕೇಳಿದ.

ರೇವಣಯ್ಯ ಮಠದ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಶಿಷ್ಯ. ಮಕ್ಕಳು ಖುಷಿಯಾಗಿ ಬರೆಯಲಿ, ಬರೆಯುತ್ತ ಬರೆಯುತ್ತ ಕೈ ಪಳಗಲಿ ಎಂದು ವಾರಕ್ಕೊಮ್ಮೆ ಅವರಿಗೆ ಇಷ್ಟ ಬಂದದ್ದನ್ನು ಬರೆಯಲು ಬಿಡುತ್ತಿದ್ದ. ಈ ಸಲ ಒಂದು ಮಗುವಿನ ಹಾಳೆ ಅವನ ನೆಮ್ಮದಿ ಕೆಡಿಸಿತ್ತು; ಅದನ್ನು ಕೈಯಲ್ಲೇ ಹಿಡಿದು ಬಂದಿದ್ದ. ಅದು ಆ ವಯಸ್ಸಿನ ಬರಹವೇ ಅಲ್ಲ ಎಂದ. ಅಕ್ಷರ ಮಗುವಿನದು, ಮಾತು ಮಾತ್ರ ಯಾರದೋ ಎಂದ. ಮಗುವಿನ ಅಕ್ಕ ಕಾಲೇಜಿಗೆ ಹೋಗುತ್ತಾಳೆ, ಇದರಲ್ಲಿ ಅವಳ ಕೈ ಇರಬೇಕು ಎಂದ. ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬರು ಮೇಷ್ಟ್ರಿದ್ದರು. ಒಳ್ಳೆಯವರು. ಬೆತ್ತ ಹಿಡಿಯುತ್ತಿರಲಿಲ್ಲ. ಮಕ್ಕಳು ಪಾಠ ಒಪ್ಪಿಸಿದರೆ ಸಾಲದು, ತಮ್ಮ ಮನಸ್ಸಿನಲ್ಲಿದ್ದದ್ದನ್ನು ಬರೆಯಬೇಕು ಎಂಬುದು ಅವರ ಆಸೆ. ಒಂದು ದಿನ 'ನಮ್ಮ ಮನೆ' ಎಂಬ ವಿಷಯ ಕೊಟ್ಟರು. ತಪ್ಪಿಗೆ ಹೆದರಬೇಡಿ, ತೋಚಿದ್ದನ್ನು ಬರೆಯಿರಿ ಎಂದರು.

ಮಕ್ಕಳು ಬರೆದರು. ನಮ್ಮ ಮನೆ ದೊಡ್ಡದು. ನಮ್ಮ ಮನೆಗೆ ಸುಣ್ಣ ಬಳಿದಿದೆ. ನಮ್ಮ ಮನೆಯಲ್ಲಿ ಎಲ್ಲರೂ ಅನ್ಯೋನ್ಯವಾಗಿದ್ದೇವೆ. ಮೇಷ್ಟ್ರು ಹಾಳೆ ಮಗುಚುತ್ತ ಹೋದರು. ಕಲಾಯಿಯವನ ಮಗಳು ನಂಜಿಯ ಹಾಳೆ ಬಂತು. ಅವಳಪ್ಪ ಊರೂರು ಸುತ್ತಿ, ಬೀದಿಯ ಬದಿಯಲ್ಲಿ ಇದ್ದಿಲ ಬೆಂಕಿಗೆ ತಿದಿ ಒತ್ತಿ, ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ತವರದ ಕಲಾಯಿ ಹಾಕುವವನು. ನಂಜಿ ಹೀಗೆ ಬರೆದಿದ್ದಳು:

'ನಮ್ಮ ಮನೆಗೆ ಬಾಗಿಲು ಇಲ್ಲ. ಗೋಣಿತಾಟು ಇದೆ. ಗಾಳಿ ಬಂದರೆ ಅದು ಒಳಗೆ ಬರುತ್ತದೆ. ಗಾಳಿ ಹೋದರೆ ಹೊರಗೆ ಹೋಗುತ್ತದೆ. ನಮ್ಮ ಮನೆ ಉಸಿರಾಡುತ್ತದೆ. ಅಪ್ಪ ಬೇರೆ ಊರಿಗೆ ಹೋದಾಗ ಮೆಲ್ಲಗೆ ಉಸಿರಾಡುತ್ತದೆ.'

ಮೇಷ್ಟ್ರು ಓದಿದರು. ಮತ್ತೆ ಓದಿದರು. ಮೈ ಜುಮ್ಮೆಂದಿತು. ಆ ಸಂತೋಷದ ಬೆನ್ನಿಗೇ ಒಂದು ಅನುಮಾನ ಬಂದು ಕುಳಿತಿತು. ಇಷ್ಟು ವರ್ಷ ಪುಸ್ತಕಗಳ ನಡುವೆ ಬದುಕಿದ ತನಗೇ ಇಂಥ ಮಾತು ಹೊಳೆದಿಲ್ಲ. ಈ ಹುಡುಗಿಗೆ ಹೇಗೆ ಹೊಳೆಯಿತು?

ನಂಜಿಯನ್ನು ಹತ್ತಿರ ಕರೆದರು. "ಇದನ್ನು ನಿನಗೆ ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ ಮೇಷ್ಟ್ರೇ."

ಹೇಳುವಾಗ ಅವಳು ತಲೆ ಎತ್ತಲಿಲ್ಲ. ತಪ್ಪು ಮಾಡದವಳು ತಲೆ ಏಕೆ ತಗ್ಗಿಸಬೇಕು ಎಂದುಕೊಂಡರು ಮೇಷ್ಟ್ರು. ಅವಳು ಯಾವಾಗಲೂ ಹಾಗೆಯೇ ನಿಲ್ಲುತ್ತಿದ್ದಳು ಎಂಬುದು ಆಗ ಅವರ ನೆನಪಿಗೆ ಬರಲಿಲ್ಲ.

ಮರುದಿನ ಬಾಯಾರಿಕೆಯ ನೆಪ ಮಾಡಿಕೊಂಡು ಅವಳ ಮನೆಗೆ ಹೋದರು. ಬಾಗಿಲಿನ ಗೋಣಿತಾಟು ಗಾಳಿಗೆ ಉಬ್ಬಿ ಬಂದು ಮುಖಕ್ಕೆ ತಾಗಿತು. ಅದನ್ನು ಕೈಯಿಂದ ಒತ್ತಟ್ಟಿಗೆ ಸರಿಸಿ ಒಳಗೆ ಹೋದರು. ತಾಯಿ ನೀರು ಕೊಟ್ಟಳು. ಮೇಷ್ಟ್ರು ಚೊಂಬು ಎತ್ತಿ ಕುಡಿಯುತ್ತಲೇ ಗೋಡೆಯ ಗೂಡುಗಳನ್ನೆಲ್ಲ ಕಣ್ಣಿನಲ್ಲಿ ತಡಕಿದರು. ಒಂದು ಪುಸ್ತಕವೂ ಇರಲಿಲ್ಲ. ಹಳೆಯ ಪತ್ರಿಕೆಯ ಚೂರೂ ಇರಲಿಲ್ಲ. ತಾಯಿಗೆ ಓದು ಬರುವುದಿಲ್ಲ ಎಂದು ಮಾತಿನ ನಡುವೆ ತಿಳಿಯಿತು. ಇದರಿಂದ ಅನುಮಾನ ಇಳಿಯಲಿಲ್ಲ, ಏರಿತು. ತಾನು ಬರುವುದು ಗೊತ್ತಾಗಿ ಬಚ್ಚಿಟ್ಟಿದ್ದಾರೆ ಎಂದುಕೊಂಡರು.

ಆ ಬೀದಿಯಲ್ಲಿ ಓದು ಬರಹ ಬಲ್ಲವರೆಂದರೆ ಕೆಲಸ ಬಿಟ್ಟು ಮನೆಯಲ್ಲಿದ್ದ ಶಾನುಭೋಗರೊಬ್ಬರೇ. ಮೇಷ್ಟ್ರು ಅವರ ಜಗುಲಿಯಲ್ಲಿ ಕುಳಿತು ಊರ ಸಮಾಚಾರ ಮಾತಾಡಿ ಮೆಲ್ಲಗೆ ವಿಷಯಕ್ಕೆ ಬಂದರು. ಶಾನುಭೋಗರು ನಕ್ಕುಬಿಟ್ಟರು. "ನನಗೆ ಬರೋದು ಜಮೀನಿನ ಚೆಕ್ಕುಬಂದಿ ಬರೆಯೋದು ಒಂದೇ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ. ಮನೆ ಉಸಿರಾಡೋದು ನನ್ನ ಕೈಲಿ ಆಗೋ ಕೆಲಸವೇ ಮೇಷ್ಟ್ರೇ?"

ಮೇಷ್ಟ್ರು ನಮಸ್ಕಾರ ಹೇಳಿ ಎದ್ದರು. ಇಷ್ಟು ಬೇಗ ಇಲ್ಲ ಎಂದವನು ನಂಬಬಹುದಾದ ಆಸಾಮಿಯಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದರು.

ಕೊನೆಗೆ ಒಂದು ಉಪಾಯ ಮಾಡಿದರು. ಉಳಿದ ಮಕ್ಕಳನ್ನು ಆಟಕ್ಕೆ ಬಿಟ್ಟು ನಂಜಿಯನ್ನು ಒಬ್ಬಳನ್ನೇ ಎದುರಿಗೆ ಕೂರಿಸಿಕೊಂಡರು. ಶಾಲೆಯ ಬಾಗಿಲು ಹಾಕಿದರು. ಗೋಡೆಯ ಮೇಲಿದ್ದ ಗಡಿಯಾರವನ್ನು ತೋರಿಸಿ, ಇದರ ಬಗ್ಗೆ ಬರೆ ಎಂದರು. ಅವಳ ಕೈಯನ್ನೇ ನೋಡುತ್ತ ಕುಳಿತರು. ನಂಜಿ ಸೀಸದ ಕಡ್ಡಿ ಕಚ್ಚಿದಳು, ಮೇಷ್ಟ್ರ ಮುಖ ನೋಡಿದಳು, ಹಣೆಯ ಬೆವರು ಒರೆಸಿಕೊಂಡಳು. ಬಹಳ ಹೊತ್ತಿನ ಮೇಲೆ ಬರೆದಳು. 'ಇದು ಗಡಿಯಾರ. ಇದಕ್ಕೆ ಮುಳ್ಳು ಇದೆ. ಇದು ಸಮಯ ತೋರಿಸುತ್ತದೆ.'

ಮೇಷ್ಟ್ರಿಗೆ ಹಾಯೆನಿಸಿತು. ಕಳ್ಳತನ ಸಿಕ್ಕಿಬಿತ್ತು. ಮಕ್ಕಳನ್ನೆಲ್ಲ ಒಳಗೆ ಕರೆದು ಎರಡು ಹಾಳೆಗಳನ್ನೂ ಓದಿ ಹೇಳಿದರು. ಬೈಯಲಿಲ್ಲ, ಹೊಡೆಯಲಿಲ್ಲ. "ಇನ್ನೊಬ್ಬರ ಮಾತು ಎಷ್ಟೇ ಚೆಂದವಾಗಿರಲಿ, ಅದು ನಮ್ಮದಲ್ಲ. ನಿಮ್ಮ ಸ್ವಂತದ್ದನ್ನೇ ಬರೆಯಿರಿ" ಎಂದರು ಅಷ್ಟೆ.

ಮಕ್ಕಳು ಬಹಳ ಚೂಟಿ. ಮೇಷ್ಟ್ರು ಯಾವುದನ್ನು ನಂಬುತ್ತಾರೆ, ಯಾವುದನ್ನು ನಂಬುವುದಿಲ್ಲ ಎಂದು ಅವರಿಗೆ ಅರ್ಥವಾಯಿತು. ಅಂದಿನಿಂದ ಯಾರ ಹಾಳೆಯಲ್ಲೂ ಸೋಜಿಗವಿರಲಿಲ್ಲ. ಹಸು ಹಾಲು ಕೊಡುತ್ತಿತ್ತು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಿದ್ದ. ಮೊದಮೊದಲು ಮೇಷ್ಟ್ರಿಗೆ ನೆಮ್ಮದಿ. ಬರಬರುತ್ತ ಹಾಳೆಗಳ ಕಟ್ಟು ಬಿಚ್ಚಲು ಬೇಸರವಾಗತೊಡಗಿತು.

ಹೀಗೆ ಕೆಲವು ವಾರ ಕಳೆದ ಮೇಲೆ, ಊರೂರು ಸುತ್ತಿ ಮರಳಿದ ಕಲಾಯಿಯವನು ಶಾಲೆಗೆ ಬಂದ. ಕೈಗಳಲ್ಲಿ ಇದ್ದಿಲ ಮಸಿ ಹಾಗೇ ಇತ್ತು. ಒಳಗೆ ಬರದೆ ಹೊಸ್ತಿಲಾಚೆ ನಿಂತ.

"ನಮ್ಮ ಹುಡುಗಿ ಏನೋ ಕದ್ದಳಂತೆ. ಮನೇಲಿ ಹುಡುಕಿದೆ, ಸಿಗಲಿಲ್ಲ. ಏನು ಅಂತ ಹೇಳಿ ಸ್ವಾಮಿ, ತಂದುಕೊಡ್ತೀನಿ."

"ವಸ್ತು ಅಲ್ಲಪ್ಪ, ಮಾತು ಕದ್ದಿದ್ದಾಳೆ" ಎಂದರು ಮೇಷ್ಟ್ರು.

"ಯಾರ ಮನೇದು?"

ಮೇಷ್ಟ್ರು ಬಾಯಿ ತೆರೆದರು. ಹೇಳಲು ಹೆಸರಿರಲಿಲ್ಲ.

"ಗೊತ್ತಾದಾಗ ಹೇಳಿ ಕಳಿಸಿ. ಅವರ ಮನೆ ಪಾತ್ರೆಗೆಲ್ಲ ಕಲಾಯಿ ಹಾಕಿಕೊಟ್ಟು ತೀರಿಸ್ತೀನಿ" ಎಂದು ಕಲಾಯಿಯವನು ಕೈ ಮುಗಿದು ಹೋದ.

ಅವನು ಹೋದ ಮೇಲೆ ಮೇಷ್ಟ್ರಿಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಮಾತಿನ ಒಡೆಯನನ್ನು ಹುಡುಕಲೇಬೇಕು ಎಂಬ ಹಟ ಹುಟ್ಟಿತು. ಶಾಲೆಯ ಬೀರುವಿನಲ್ಲಿದ್ದ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದರು. ಪಕ್ಕದ ಊರಿನ ಗ್ರಂಥಾಲಯಕ್ಕೂ ಹೋಗಿ ಬಂದರು. ಉಸಿರಾಡುವ ಮನೆ ಎಲ್ಲಿಯೂ ಸಿಗಲಿಲ್ಲ. ಸಿಗದಿದ್ದಷ್ಟೂ ಅದು ಎಲ್ಲೋ ಇದೆ ಎಂದೇ ಅನ್ನಿಸಿತು.

ಹೀಗಿರುವಾಗ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಶಾಲೆಯ ಹಿಂದಿನಿಂದ ನಂಜಿಯ ದನಿ ಕೇಳಿಸಿತು. ಅವಳು ಚಿಕ್ಕ ಮಕ್ಕಳಿಗೆ ಕತೆ ಹೇಳುತ್ತಿದ್ದಳು. ಯಾವ ಪುಸ್ತಕದ್ದು ಎಂದು ಇಂದು ತಿಳಿದೇ ಬಿಡುತ್ತದೆ ಎಂದು ಮೇಷ್ಟ್ರು ಗೋಡೆಯ ಮರೆಯಲ್ಲಿ ನಿಂತು ಇಣುಕುತ್ತ ಕಿವಿಗೊಟ್ಟರು. ಕತೆ ಒಂದು ಮೇಕೆಯದು. ಆ ಮೇಕೆಗೆ ತನ್ನ ನೆರಳನ್ನು ಕಂಡರೆ ಆಗುತ್ತಿರಲಿಲ್ಲ. ನೆರಳನ್ನು ಕಟ್ಟಿಹಾಕಿ ಬರಲು ಅದು ಹೊಳೆಯ ಕಡೆಗೆ ಹೊರಟಿತು. ನಂಜಿ ಅಲ್ಲಿಗೆ ನಿಲ್ಲಿಸಿದಳು.

"ಆಮೇಲೆ?" ಎಂದಿತು ಒಂದು ಮಗು.

"ತಾಳು, ನನಗೂ ಇನ್ನೂ ಗೊತ್ತಿಲ್ಲ" ಎಂದಳು ನಂಜಿ. ಸುಮ್ಮನೆ ಕುಳಿತಳು. ಮಕ್ಕಳೂ ಸುಮ್ಮನೆ ಕುಳಿತವು. ಅಷ್ಟರಲ್ಲಿ ಅವಳ ಮುಖ ಅರಳಿತು. "ಹಾಂ, ಗೊತ್ತಾಯಿತು!" ಎಂದು ಮತ್ತೆ ಶುರು ಮಾಡಿದಳು.

ಮೇಷ್ಟ್ರು ಊರೆಲ್ಲ ಅಲೆದು ಹುಡುಕಿದ ಪುಸ್ತಕ ಎದುರಿಗೇ ಕುಳಿತಿತ್ತು. ತಡೆಯಲಾರದೆ ಗೋಡೆಯ ಮರೆಯಿಂದ ಈಚೆ ಬಂದು "ನಂಜಿ!" ಎಂದರು. ದನಿಯಲ್ಲಿ ಸಂತೋಷವೇ ಇತ್ತು. ನಂಜಿಗೆ ಅದು ಕೇಳಿಸಲಿಲ್ಲ. ಅವಳು ಗಡಬಡಿಸಿ ಎದ್ದು ನಿಂತಳು.

"ಇದು ನನ್ನದಲ್ಲ ಮೇಷ್ಟ್ರೇ" ಎಂದಳು. "ಯಾರದೋ. ನಾನು ಸುಮ್ಮನೆ ಹೇಳ್ತಿದ್ದೆ."

ಮರುದಿನ ಮೇಷ್ಟ್ರು ಮಕ್ಕಳೆಲ್ಲರ ಎದುರಿಗೆ ತಮ್ಮದೇ ತಪ್ಪು ಎಂದು ಒಪ್ಪಿಕೊಂಡರು. ಕಲಾಯಿಯವನ ಮನೆಗೂ ಹೋಗಿ ಅದನ್ನೇ ಹೇಳಿ ಬಂದರು. ಆಮೇಲೆ ನಂಜಿಗೆ ಹೊಸ ಹಾಳೆ ಕೊಟ್ಟು, ಆ ಮೇಕೆಯ ಕತೆಯನ್ನು ಬರೆ ತಾಯಿ, ಎಷ್ಟು ಹೊತ್ತು ಬೇಕಾದರೂ ತೆಗೆದುಕೋ, ನಾನು ನೋಡುವುದಿಲ್ಲ ಎಂದರು. ನಂಜಿ ಹಾಳೆಯನ್ನು ನೀಟಾಗಿ ಮುಂದಿಟ್ಟುಕೊಂಡಳು. ತಲೆ ತಗ್ಗಿಸಿಯೇ ಕೇಳಿದಳು.

"ಯಾವ ಪುಸ್ತಕ ನೋಡಿ ಬರೀಲಿ ಮೇಷ್ಟ್ರೇ?"

ಅಣಕಿಸುತ್ತಿದ್ದಾಳೆಯೇ ಎಂದು ಮೇಷ್ಟ್ರು ಬಗ್ಗಿ ಅವಳ ಮುಖ ನೋಡಿದರು. ಅಣಕವಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ ಅವಳು ಬರೆದಳೇ ಗುರುಗಳೇ?" ಎಂದು ರೇವಣಯ್ಯ ಕೇಳಿದ.

"ಬರೆದಳು. ಒಂದೂ ತಪ್ಪಿಲ್ಲದೆ ಬರೆದಳು. ಎಲ್ಲವನ್ನೂ ಪುಸ್ತಕ ನೋಡಿಯೇ ಬರೆದಳು. ಯಾರಿಗೂ ಅನುಮಾನ ಬರಲಿಲ್ಲ."

ರೇವಣಯ್ಯ ಕೈಯಲ್ಲಿದ್ದ ಹಾಳೆಯನ್ನು ಅತ್ತಿತ್ತ ತಿರುಗಿಸಿದ. "ಕತೆ ತಿಳಿಯಿತು. ಆದರೆ ಇದು ಆ ಮಗುವಿನದೇ ಎಂದು ನಾನು ಹೇಗೆ ನಂಬಲಿ?"

ಗುರುಗಳು ಅವನನ್ನೇ ನೋಡಿದರು.

"ನೀನು ಬಂದು ಇಷ್ಟು ಹೊತ್ತಾಯಿತು ರೇವಣಯ್ಯ, ಆ ಮಗು ಏನು ಬರೆದಿದೆ ಎಂದು ಇನ್ನೂ ಹೇಳಲೇ ಇಲ್ಲ."