ಟ್ರೇಲರಿನಲ್ಲಿ ಒಂದು ತಂಬಿಗೆ ನೀರು

"ಅಜ್ಜಾರ, ಹೊರೆ ಇಳಿಸಿ ನಡೆದವನು ಮೊದಲು ಮುಟ್ಟತಾನೋ, ಹೊತ್ತುಕೊಂಡು ನಡೆದವನೋ?"

ಕೇಳಿದವನು ದುಂಡಪ್ಪ. ಮಠ ಸೇರಬೇಕೆಂದು ಬಂದ ಹೊಸ ಶಿಷ್ಯ. ಕುಸ್ತಿ ಕಣದಲ್ಲಿ ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದವನು. ಅದನ್ನು ಬಂದ ದಿನವೇ ಮಠದ ಎಲ್ಲರಿಗೂ ಹೇಳಿ ಮುಗಿಸಿದ್ದ. ಉತ್ತರವನ್ನೂ ತಾನೇ ಕೊಟ್ಟ.

"ಇಳಿಸಿದವನೇ ಅಲ್ರೀ? ಮನ್ಯಾಗ ಅಕ್ಕ ಒಬ್ಬಾಕಿ ಅದಾಳ. ನನ್ನ ಸಾಕಿದಾಕಿ. ಈಗ ಕಣ್ಣು ಕಾಣಂಗಿಲ್ಲ. ಆಕೀನ್ನ ಕಾಕಾನ ಮನ್ಯಾಗ ಬಿಟ್ಟು ಬಂದ್ರ ನಾ ಹಗುರ ಆಗತೇನಿ. ಆಮ್ಯಾಲ ನೋಡ್ರಿ ನನ್ನ ಓಟ!"

ಮಠದ ಸ್ವಾಮಿಗಳಾದ ಅಜ್ಜನವರು ದೀಪದ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆಯೇ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಷ್ಟು ನೇರವಾಗಿ ಟ್ರ್ಯಾಕ್ಟರಿನಲ್ಲಿ ಸಾಲು ಹೊಡೆಯುವವನು ಆ ಸೀಮೆಯಲ್ಲೇ ಇಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಸುಳ್ಳೇನೂ ಅಲ್ಲ. ಹಳೆಯ ಹೊಲ ಕೊಟ್ಟು ಹೊಳೆಯ ಆಚೆ ಹೊಸ ಹೊಲ ಕೊಂಡ. ಮನೆಯನ್ನೂ ಅಲ್ಲಿಗೇ ಸಾಗಿಸಬೇಕಾಯಿತು. ಟ್ರ್ಯಾಕ್ಟರ್ ಇತ್ತು, ಟ್ರೇಲರ್ ಇರಲಿಲ್ಲ. ಕೊಳ್ಳಲು ಪೇಟೆಗೆ ಹೋದ.

ವ್ಯಾಪಾರಿ ದೊಡ್ಡದೊಂದು ಟ್ರೇಲರ್ ತೋರಿಸಿದ. "ಇಡೀ ಮನಿ ಹೇರು, ಮ್ಯಾಲ ಎಮ್ಮೀನೂ ಹತ್ತಸು. ಜಗ್ಗಂಗಿಲ್ಲ."

ಹೊರೆಯ ಮಾತು ರೈತನ ಕಿವಿಗೆ ಬೀಳಲಿಲ್ಲ. ಮನೆಯಿಂದ ತಂದಿದ್ದ ತಂಬಿಗೆಗೆ ಕಂಠಮಟ್ಟ ನೀರು ತುಂಬಿದ. ಟ್ರೇಲರಿನ ನಡುವೆ ಇಟ್ಟ. ತನ್ನ ಟ್ರ್ಯಾಕ್ಟರಿಗೆ ಸಿಕ್ಕಿಸಿ ಅಂಗಳ ಸುತ್ತಿದ. ಇಳಿದು ನೋಡಿದರೆ ಅರ್ಧ ನೀರು ಚೆಲ್ಲಿತ್ತು. ಇನ್ನೊಂದು ಟ್ರೇಲರ್ ಕಟ್ಟಿದ. ಅದರಲ್ಲೂ ಚೆಲ್ಲಿತು. ಮತ್ತೊಂದು ಕಟ್ಟಿದ. ಅಂಗಳದಲ್ಲಿ ನಿಂತವರೆಲ್ಲ ನಗತೊಡಗಿದರು.

"ಏನಪಾ, ಟ್ರೇಲರ್ ಕೊಳ್ಳಾಕ ಬಂದೀಯೋ, ತೊಟ್ಟಿಲು ಕೊಳ್ಳಾಕ ಬಂದೀಯೋ?" ಎಂದ ವ್ಯಾಪಾರಿ.

"ಎರಡಕ್ಕೂ" ಎಂದ ರೈತ.

ಹೆಂಡತಿ ತುಂಬು ಬಸುರಿ. ಹಿಂದೊಮ್ಮೆ ಬಸುರಿಯಾಗಿ ಎತ್ತಿನ ಚಕ್ಕಡಿಯಲ್ಲಿ ತವರಿಗೆ ಹೋಗಿದ್ದಳು. ದಾರಿಯ ಕುಲುಕಿಗೆ ಆ ಗರ್ಭ ನಿಲ್ಲಲಿಲ್ಲ. ಅಂದಿನಿಂದ ರೈತನ ಎದೆಯಲ್ಲಿ ಆ ಚಕ್ಕಡಿ ಉರುಳುತ್ತಲೇ ಇತ್ತು. ಹೊಸ ಹೊಲದ ದಾರಿಯೋ ಎರೆಮಣ್ಣಿನ ದಾರಿ. ಗಾಡಿಯ ಜಾಡು ಒಣಗಿ ಕಲ್ಲಾಗಿತ್ತು. ಮೋಟಾರು ಹೋಗುವ ಹಾಗಿರಲಿಲ್ಲ.

ಕೊನೆಗೆ ಎಲ್ಲಕ್ಕಿಂತ ಕಡಿಮೆ ನೀರು ಚೆಲ್ಲಿದ ಟ್ರೇಲರನ್ನು ಆರಿಸಿದ. ಅಡಿಯಲ್ಲಿ ದಪ್ಪ ಸ್ಪ್ರಿಂಗ್ ಪಟ್ಟಿಗಳಿದ್ದವು. ಊರಿಗೆ ತಂದು ಬಾಗಿಲ ಮುಂದೆ ನಿಲ್ಲಿಸಿದ. ಮೊದಲು ಹೆಂಡತಿಯೊಬ್ಬಳನ್ನೇ ಮೆಲ್ಲಗೆ ಮುಟ್ಟಿಸುವುದು, ಸಾಮಾನು ಆಮೇಲೆ ಎಂಬುದು ಅವನ ಲೆಕ್ಕ. ಟ್ರೇಲರಿನ ತಳಕ್ಕೆ ಗಾದಿ ಹಾಸಿದ. ಗಾದಿಯ ಮೇಲೆ ತಂಬಿಗೆ ಇಟ್ಟು ಓಣಿಯ ತುದಿಯವರೆಗೆ ಹೋಗಿ ಬಂದ. ತಂಬಿಗೆ ಉರುಳಿ ಗಾದಿ ತೊಯ್ದಿತ್ತು.

ರೈತ ಕೆಳಗೆ ಇಳಿಯಲೇ ಇಲ್ಲ. ಸ್ಟೇರಿಂಗಿಗೆ ಹಣೆ ಹಚ್ಚಿ ಕೂತ.

ಹೆಂಡತಿ ಹೊರಗೆ ಬಂದಳು. ತೊಯ್ದ ಗಾದಿಯನ್ನು ನೋಡಿದಳು. ಟ್ರೇಲರನ್ನು ಸುತ್ತು ಹಾಕಿ ಅಡಿಯ ಪಟ್ಟಿಗಳನ್ನೂ ಬಗ್ಗಿ ನೋಡಿದಳು.

"ಜ್ವಾಳದ ಚೀಲ ಹೇರ್ರಿ. ಬೀಸುಕಲ್ಲು ಹೇರ್ರಿ. ಹಳೇ ಬಾಗಿಲಾ ಸೈತ ಬಿಡಬ್ಯಾಡ್ರಿ. ಆಮ್ಯಾಲ ನನ್ನ ಹತ್ತಸ್ರಿ."

"ಹುಚ್ಚಿ ಅದೀ ಏನ? ನಿನ್ನ ಹಗೂರಕ ಒಯ್ಯಬೇಕಂತ ಪ್ಯಾಟಿಯೊಳಗ ಮಂದಿ ಕಡೆ ನಗಿಸಿಕೊಂಡು ಬಂದೇನಿ. ನೀ ಕಲ್ಲಿನ ಜೋಡಿ ಕುಂದ್ರತೀನಿ ಅಂತೀಯಲ್ಲ!"

"ಮದುವ್ಯಾಗಿ ಬಂದಾಗ ಚೀಲ ತುಂಬಿದ ಚಕ್ಕಡ್ಯಾಗ ಬಂದೆ. ನಿದ್ದಿ ಹತ್ತಿತ್ತು. ಊರು ಬಂತು ಅಂತ ನೀವ ಎಬ್ಬಿಸಿದ್ರಿ, ನೆನಪೈತಿ? ತವರಿಗೆ ಹೋಗುವಾಗ, ಬಸುರಿ ಅದಾಳ, ಭಾರ ಬ್ಯಾಡ ಅಂತ ಚಕ್ಕಡಿ ಖಾಲಿ ಮಾಡಿ ಕೊಟ್ರಿ. ದಾರೀನೂ ಅದೇ, ಚಕ್ಕಡೀನೂ ಅದೇ, ಖಾಲಿ ಇದ್ದದ್ದಕ್ಕ ಕುಲುಕಿತು."

ರೈತ ಸ್ಟೇರಿಂಗಿನಿಂದ ಕೈ ತೆಗೆದ. ಅವಳು ಅವನ ತೋಳು ಹಿಡಿದು ಕೆಳಗಿಳಿಸಿದಳು. "ನಿಮಗ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಈಗ ಹೇರ್ರಿ."

ಅವನು ಹೇರಿದ. ಜೋಳದ ಚೀಲ, ಬೀಸುಕಲ್ಲು, ನೇಗಿಲು, ಬಾಗಿಲು. ಹೊರೆ ಏರಿದಂತೆ ಪಟ್ಟಿಗಳು ಒಂದೊಂದಾಗಿ ಬಾಗಿದವು. ಚೀಲಗಳ ನಡುವೆ ಗುಂಡಿಯಂತೆ ಜಾಗ ಬಿಟ್ಟು ಒಣ ಕೌದಿ ಹಾಸಿದ. ಹೆಂಡತಿಯನ್ನು ಕೈಹಿಡಿದು ಹತ್ತಿಸಿದ. ಅವಳು ತಾನಾಗಿಯೇ ತಂಬಿಗೆ ತುಂಬಿಸಿಕೊಂಡು ಮಡಿಲಲ್ಲಿಟ್ಟುಕೊಂಡಳು. "ಇನ್ನ ಹೊಡೀರಿ. ಹಿಂದ ನೋಡಬ್ಯಾಡ್ರಿ, ಸಾಲು ಸೊಟ್ಟ ಆಗತೈತಿ" ಎಂದು ಛೇಡಿಸಿದಳು.

ಅವನು ದಾರಿಯುದ್ದಕ್ಕೂ ಹಿಂದೆ ನೋಡಿದ.

ಹೊಸ ಹೊಲ ಮುಟ್ಟಿದಾಗ ಬಿಸಿಲು ಇಳಿದಿತ್ತು. ಇಳಿದು ಓಡಿ ಬಂದು ಟ್ರೇಲರಿನ ಅಂಚು ಹಿಡಿದು ಇಣುಕಿದ. ಹೆಂಡತಿ ಜೋಳದ ಚೀಲಕ್ಕೆ ಒರಗಿ ನಿದ್ದೆ ಹೋಗಿದ್ದಳು. ಕೈ ಇನ್ನೂ ತಂಬಿಗೆಯನ್ನು ಸುತ್ತಿಕೊಂಡಿತ್ತು. ನೀರು ಕಂಠಮಟ್ಟ ಇತ್ತು.

ರೈತ ಸಾಮಾನು ಇಳಿಸಲಿಲ್ಲ. ಗಾಲಿಗೆ ಬೆನ್ನು ಕೊಟ್ಟು ಕೂತ. ಕತ್ತಲಾಗುವ ಹೊತ್ತಿಗೆ ಅವಳು ಎದ್ದಳು.

"ಊರು ಬಂದು ಎಷ್ಟೊತ್ತಾತು? ಎಬ್ಬಿಸಬಾರದೇನ್ರಿ?"

"ಆವತ್ತು ಎಬ್ಬಿಸಿದ್ದ ಸಾಕು" ಎಂದ ರೈತ.

ಅಜ್ಜನವರ ಬತ್ತಿಗಳು ಮುಗಿದಿದ್ದವು. ದುಂಡಪ್ಪ ಮುಂದಕ್ಕೆ ಬಾಗಿ ಕೂತಿದ್ದ.

"ಕೂಸು ಚಲೋ ಹುಟ್ಟಿತೇನ್ರಿ?"

"ಹುಟ್ಟಿತು. ನಿನ್ನಂಗ ಭಾಳ ಮಾತಾಡತಿತ್ತು."

ದುಂಡಪ್ಪ ನಕ್ಕ. ನಕ್ಕು, ಪಕ್ಕದಲ್ಲಿದ್ದ ತನ್ನ ಬಟ್ಟೆಯ ಗಂಟನ್ನು ಎಳೆದುಕೊಂಡ. "ಹಂಗಾರ ಅಜ್ಜಾರ, ನಾ ಮಠಕ್ಕ ಯಾವಾಗ ಬರಲಿ?"

ಅಜ್ಜನವರು ಹೇಳಿದರು: "ಅಕ್ಕನ್ನ ಹತ್ತಿಸಿಕೊಂಡು ಬಾ ದುಂಡಪ್ಪ, ನಮ್ಮ ದಾರಿ ಭಾಳ ತಗ್ಗು-ದಿಣ್ಣಿ ಐತಿ."

ದುಂಡಪ್ಪ ಗಂಟನ್ನು ಹೆಗಲಿಗೇರಿಸಿ ಮನೆಯ ದಾರಿ ಹಿಡಿದ.