ಸದ್ದು ಎಣಿಸಿದ ಭಂಡಾರಿ

ಭಂಡಾರಿ ಬೊಮ್ಮರಸನಿಗೆ ಗುರುಗಳ ನೆನಪಾಗುತ್ತಿದ್ದುದು ವರ್ಷಕ್ಕೊಂದೇ ಸಲ. ಅರಸನ ಸಭೆಯಲ್ಲಿ ಆಯವ್ಯಯ ಓದುವ ಮೊದಲು ಅದನ್ನು ಗುರುವಿನ ಮುಂದೆ ಓದಬೇಕೆಂಬ ರೂಢಿಯಿತ್ತು. ಅದೊಂದು ಇಲ್ಲದಿದ್ದರೆ ಆಶ್ರಮದ ದಾರಿಯೂ ಅವನಿಗೆ ಮರೆತುಹೋಗುತ್ತಿತ್ತೇನೋ.

ಆ ಬೆಳಿಗ್ಗೆ ದೋಣಿಯಿಂದ ಇಳಿದವನು ಹೆಚ್ಚುಕಡಿಮೆ ಓಡುತ್ತಲೇ ಬಂದ. ಸಭೆ ಮಧ್ಯಾಹ್ನಕ್ಕೇ ಇತ್ತು.

ಗುರು ಮುಪ್ಪಿನಯ್ಯನವರು ಹೊಳೆದಂಡೆಯಲ್ಲಿ ಪಂಚೆ ಒಗೆಯುತ್ತಿದ್ದರು. ತಲೆಯೆತ್ತದೆ "ಓದು" ಎಂದರು.

ಮೂರು ವರ್ಷದಿಂದ ನಾಡಿನ ವ್ಯಾಪಾರ ನೆಲಕಚ್ಚಿತ್ತು. ಬಟ್ಟೆ ಕೊಳ್ಳುವವರಿಲ್ಲದೆ ಮಗ್ಗಗಳು ನಿಂತಿದ್ದವು. ಅರಸ ಮಗ್ಗದ ತೆರಿಗೆ ಬಿಟ್ಟುಕೊಟ್ಟು, ನೇಕಾರರ ಕೇರಿಗಳಲ್ಲಿ ಗಂಜಿಮನೆ ತೆರೆಸಿದ್ದ. ಭಂಡಾರ ಬರಿದಾಗಿತ್ತು.

ಬೊಮ್ಮರಸ ಓಲೆಯ ಕಟ್ಟು ಬಿಚ್ಚಿ ಓದಿದ. "ಈ ವರ್ಷ ನಾಡು ಚೇತರಿಸಿಕೊಂಡಿದೆ. ಗಂಜಿಮನೆಗಳನ್ನು ಮುಚ್ಚತಕ್ಕದ್ದು. ನಡೆಯುತ್ತಿರುವ ಪ್ರತಿ ಮಗ್ಗಕ್ಕೂ ತೆರಿಗೆ ಹಾಕತಕ್ಕದ್ದು."

"ಚೇತರಿಸಿಕೊಂಡಿದೆ ಅಂತ ಯಾರು ಹೇಳಿದರು?"

"ಎಣಿಸಿದ್ದೇನೆ, ಗುರುಗಳೇ. ನನ್ನ ಜನ ಹತ್ತು ದಿನ ಕೇರಿ ಕೇರಿ ಸುತ್ತಿ, ಸದ್ದು ಕೇಳಿಸಿದ ಮನೆಗಳನ್ನೆಲ್ಲ ಲೆಕ್ಕ ಹಿಡಿದಿದ್ದಾರೆ. ಹೋದ ವರ್ಷ ಇನ್ನೂರು ಮಗ್ಗ. ಈಗ ಎರಡು ಸಾವಿರ!"

"ಒಳಗೆ ಹೋಗಿ ನೋಡಿದರಾ?"

"ಎರಡು ಸಾವಿರ ಮನೆಯೊಳಗೆ ಹೋಗಲು ಯಾರಿಗಿದೆ ಪುರುಸೊತ್ತು?"

ಗುರುಗಳು ಪಂಚೆ ಹಿಂಡಿ ಹೆಗಲಿಗೆ ಹಾಕಿಕೊಂಡರು. "ನಡಿ. ಕೇರಿ ನಿನ್ನ ದಾರಿಯಲ್ಲೇ ಇದೆ. ಆ ಜರತಾರಿ ರುಮಾಲು ಕಳಚಿಡು."

ದೋಣಿಯಲ್ಲಿ ಬೊಮ್ಮರಸನಿಗೆ ಕೂತಲ್ಲಿ ಕೂರಲಾಗಲಿಲ್ಲ. "ಭಂಡಾರ ತುಂಬುವ ದಾರಿ ತೋರಿಸದಿದ್ದರೆ ಸಂಜೆಗೆ ನನ್ನ ಪದವಿ ಇರುವುದಿಲ್ಲ. ಅರಸರು ಎಲ್ಲರೆದುರೇ ಹೇಳಿದ್ದಾರೆ. ನನಗೆ ಭಯವಾಗುತ್ತಿದೆ."

ಗುರುಗಳು ಕೇರಿಯ ದಂಡೆಯಲ್ಲಿ ದೋಣಿ ನಿಲ್ಲಿಸಲು ಹೇಳಿದರು.

ಕೇರಿಯಲ್ಲಿ ಮನೆಮನೆಯಿಂದಲೂ ಟಕ್ಕು ಟಕ್ಕು ಸದ್ದು. ಬೊಮ್ಮರಸನ ಮುಖ ಅರಳಿತು. "ಕೇಳಿದಿರಾ?"

ಗುರುಗಳು ಒಂದು ಬಾಗಿಲು ತಳ್ಳಿದರು.

ಒಳಗೆ ಚೌಡಮ್ಮ ಎಂಬ ನೇಕಾರ ಹೆಂಗಸು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ಬಡಿಯುತ್ತಿದ್ದಳು. ಮಗ್ಗದಲ್ಲಿ ಒಂದೆಳೆ ನೂಲೂ ಇರಲಿಲ್ಲ.

ಅವಳ ಕೈ ನಿಂತುಹೋಯಿತು.

"ಹೆದರಬೇಡ ತಾಯಿ, ಇವನು ನನ್ನ ಶಿಷ್ಯ" ಎಂದರು ಗುರುಗಳು.

"ಏನ್ ಮಾಡೋದು ಸ್ವಾಮಿ," ಎಂದಳು ಚೌಡಮ್ಮ, ದನಿ ತಗ್ಗಿಸಿ. "ನಿಂತೋದ ಮಗ್ಗಕ್ಕೆ ಸಾವ್ಕಾರರು ನೂಲು ಸಾಲ ಕೊಡಾಕಿಲ್ಲ. ಅದಕ್ಕೇ ಬರೀ ಮಗ್ಗ ಬಡೀತೀವಿ. ಸದ್ದು ಕೇಳಿ ಆಚೆ ಸಾಲಿನ ಏಳು ಮನೆಗೆ ಕೊಟ್ಟವ್ರೆ, ಅವ್ರು ನಿಜವಾಗ್ಲೂ ನೇಯ್ತಾವ್ರೆ. ಗಂಜಿ ಒಂದು ನಿಲ್ಲದೆ ಅಲ್ಲೀವರೆಗೂ ಜೀವ ಹಿಡ್ಕೊಂಡಿದ್ರೆ ನಮಗೂ ನೂಲು ಸಿಕ್ತದೆ."

ಬೊಮ್ಮರಸ ಬಾಗಿ ಬರಿ ಮಗ್ಗವನ್ನು ಮುಟ್ಟಿ ನೋಡಿದ. "ಮಗ್ಗಕ್ಕೆ ತೆರಿಗೆ ಬಂದರೆ?"

"ಬಡಿಯೋದು ಬಿಡ್ತೀವಿ. ಸದ್ದು ನಿಂತ್ರೆ ನೂಲೂ ನಿಲ್ತದೆ."

ಬೀದಿಯಲ್ಲಿ ಯಾರದೋ ಹೆಜ್ಜೆ ಕೇಳಿಸಿತು. ಅವಳು ಗಡಿಬಿಡಿಯಿಂದ ಮತ್ತೆ ಹಲಗೆ ಬಡಿಯತೊಡಗಿದಳು.

ಹೊರಗೆ ಬಂದಾಗ ಸಭೆಗೆ ಕರೆಯುವ ಅರಮನೆಯ ಮೊದಲ ನಗಾರಿ ಮೊಳಗುತ್ತಿತ್ತು. ಬೊಮ್ಮರಸ ಜಗಲಿಯ ಮೇಲೆ ಕುಸಿದು ಕೂತ. ನಾಚಿಕೆಯಿಂದ ಅವನಿಗೆ ತಲೆಯೆತ್ತಲಾಗಲಿಲ್ಲ. ಗಂಜಿಮನೆ, ತೆರಿಗೆಯ ಮಾತಿದ್ದ ಎರಡು ಓಲೆಗಳನ್ನು ಕಟ್ಟಿನಿಂದ ಎಳೆದು ಮುರಿದು ಹಾಕಿದ.

"ಗಂಜಿಮನೆ ಇರಲಿ. ಇನ್ನೊಂದು ವರ್ಷ ತೆರಿಗೆ ಬೇಡ" ಎಂದ. "ಆದರೆ ಅರಸರು ಯಾಕೆ ಎಂದು ಕೇಳುತ್ತಾರೆ. ನೂಲಿನ ಸಾಹುಕಾರರೆಲ್ಲ ಅದೇ ಸಭೆಯಲ್ಲಿರುತ್ತಾರೆ. ಮಗ್ಗ ಬರಿದು ಎಂದು ನಾನು ಬಾಯಿಬಿಟ್ಟರೆ ನಾಳೆಯೇ ಇಡೀ ಕೇರಿಗೆ ನೂಲು ನಿಲ್ಲುತ್ತದೆ."

"ಹೌದು."

"ಅರಸರ ಕಿವಿಯಲ್ಲಿ ಹೇಳಿದರೂ ಅಷ್ಟೇ. ಆ ಅರಮನೆಯಲ್ಲಿ ಗುಟ್ಟು ಸಂಜೆಯವರೆಗೂ ಉಳಿಯುವುದಿಲ್ಲ."

"ಅದೂ ಹೌದು."

"ಹಾಗಾದರೆ ಎರಡು ಸಾವಿರ ಮಗ್ಗ ನಡೆಯುತ್ತಿದ್ದರೂ ತೆರಿಗೆ ಯಾಕೆ ಬೇಡ ಎಂದರೆ ಏನಂತ ಹೇಳಲಿ, ಗುರುಗಳೇ?"

ಎರಡನೇ ನಗಾರಿ ಮೊಳಗಿತು. ಗುರುಗಳು ದಂಡೆಗೆ ನಡೆದು, ಅರಮನೆಗೆ ಹೋಗಲು ಅವನಿಗಿಂತ ಮೊದಲೇ ದೋಣಿ ಹತ್ತಿ ಕೂತರು.

"'ನನಗೆ ಲೆಕ್ಕ ಬರುವುದಿಲ್ಲ' ಅಂತ ಹೇಳು. ತಪ್ಪು ನಿನ್ನ ತಲೆಗೆ ಬರಲಿ, ಕೇರಿಯ ಮಗ್ಗದ ಮೇಲೆ ಬೇಡ. ಕಲಿಸಿದವನು ಯಾರು ಅಂತ ಕೇಳಿದರೆ, ಪಕ್ಕದಲ್ಲೇ ನಿಂತಿರುತ್ತೇನೆ, ಕೈ ತೋರಿಸು."