ಉಳಿ ನುಂಗಿದ ಮಾತು

ಮರದ ಅಚ್ಚು ಕೆತ್ತಿ ಚಿತ್ರ ಮುದ್ರಿಸುವ ವಾರಿಜಾಳ ಬಳಿ ಹಳೆಯ ಉಳಿಯೊಂದಿತ್ತು. ಮೊದಲೆಲ್ಲ ಅವಳು ಹಲಗೆಯ ಮೇಲೆಯೇ ಚಿತ್ರವನ್ನು ಎಡಬಲ ತಿರುಗಿಸಿ ಬರೆಯುತ್ತಿದ್ದಳು. ಒತ್ತಿದಾಗ ಅದು ಕಾಗದದ ಮೇಲೆ ನೇರವಾಗಿ ಮೂಡುತ್ತಿತ್ತು. ಈಗ ಬರೆಯುವ ಕೆಲಸ ಡಿಜಿಟಲ್ ಪೆನ್ನಿನ ಪಾಲಾಗಿತ್ತು.

"ನಾನು ತಪ್ಪಿದರೆ ಅಳಿಸಿ ಬರೆಯುತ್ತೇನೆ. ನಿನಗೆ ಆ ಭಾಗ್ಯವಿಲ್ಲ" ಎಂದು ಪೆನ್ನು ಒಮ್ಮೆ ಆಡಿದ್ದ ಮಾತು ಉಳಿಯನ್ನು ಚುಚ್ಚುತ್ತಲೇ ಇತ್ತು.

ಅಂದು ಪೆನ್ನು ಪರದೆಯ ಮೇಲೆ ಹೊಲಿಗೆ ಯಂತ್ರದ ಮುಂದೆ ಕುಳಿತ ದರ್ಜಿಯನ್ನು ಬರೆಯಿತು. ವಾರಿಜಾ ಅದರ ಪ್ರತಿ ತೆಗೆದು ಹಲಸಿನ ಹಲಗೆಗೆ ಅಂಟಿಸಿದಳು. ಯಂತ್ರದ ಚಕ್ರ, ನಿಜದಲ್ಲಿ ಇರುವಂತೆಯೇ, ದರ್ಜಿಯ ಬಲಗೈ ಕಡೆಗೇ ಇದ್ದದ್ದು ಉಳಿಯ ಕಣ್ಣಿಗೆ ಬಿತ್ತು. ಚಿತ್ರ ತಿರುಗಿಸುವುದನ್ನು ಪೆನ್ನು, ವಾರಿಜಾ ಇಬ್ಬರೂ ಮರೆತಿದ್ದರು.

"ಅಣ್ಣಾ, ಚಿತ್ರ ಸರಿಯಿದೆಯೇ?" ಎಂದು ಹಲಗೆ ಕೇಳಿತು. "ಒಮ್ಮೆ ಕೆತ್ತಿದರೆ ನಾನು ಮತ್ತೆ ಕೂಡಿಕೊಳ್ಳಲಾರೆ."

ಪೆನ್ನಿಗೆ ಇವತ್ತು ತಕ್ಕ ಶಾಸ್ತಿಯಾಗಲಿ ಎಂದುಕೊಂಡ ಉಳಿ, "ಬರೆದವರನ್ನು ಕೇಳು" ಎಂದಿತು.

ಮೊದಲ ಪೆಟ್ಟಿಗೇ ಅದು ಜಾರಿದ್ದರೆ ಸಾಕಿತ್ತು, ವಾರಿಜಾ ಕೈ ತಡೆದು ಇನ್ನೊಮ್ಮೆ ನೋಡುತ್ತಿದ್ದಳು. ಉಳಿ ಜಾರಲಿಲ್ಲ. ಎಂದಿಗಿಂತ ಚೊಕ್ಕವಾಗಿ ಕೆತ್ತಿತು.

ಮಸಿ ಬಳಿದು ಒತ್ತಿದಾಗ, ಲೋಕದಲ್ಲಿ ಎಲ್ಲೂ ಇಲ್ಲದ ಹಾಗೆ, ಚಕ್ರ ದರ್ಜಿಯ ಎಡಗೈ ಕಡೆ ಮೂಡಿತು. ವಾರಿಜಾಳ ಮುಖ ಬಾಡಿತು. ಪೆನ್ನಿಗೆ ಈಗ ಬೈಗುಳ ಬೀಳುತ್ತದೆಂದು ಉಳಿ ಕಾಯುತ್ತಿತ್ತು. ಅವಳು ಪೆನ್ನನ್ನು ಎತ್ತಿಕೊಂಡು ಪರದೆಗೆ ಮುಟ್ಟಿಸಿದಳು. ಅಲ್ಲಿದ್ದ ಚಿತ್ರ ಕ್ಷಣದಲ್ಲಿ ತಿರುಗಿ ಸರಿಯಾಯಿತು.

"ಪೆನ್ನಿನ ತಪ್ಪು ಅಳಿಸಿಹೋಯಿತು, ಅಣ್ಣಾ" ಎಂದಿತು ಹಲಗೆ. "ನಿನ್ನದು ನನ್ನ ಎದೆಯ ಮೇಲಿದೆ."